ವ್ಯಾಲೊರಂಟ್ (ಟೀಮ್ ಕಟ್ಕೊಂಡು ಆಡೋ ಆನ್‌ಲೈನ್ ಶೂಟಿಂಗ್ ಗೇಮ್) ಆಡೋಕೆ ಫ್ರೆಂಡ್ಸ್ ಯಾರೂ ಇಲ್ಲ, ಟೀಮ್‌ಗೆ ಜನ ಎಲ್ಲಿ ಸಿಗ್ತಾರೆ?

ಒಬ್ರೇ ಆಡುವಾಗ ಟೀಮಲ್ಲಿ ಸಿಗೋ ಅಪರಿಚಿತರಲ್ಲೇ ಸಿಗ್ತಾರೆ, ಚೆನ್ನಾಗಿ ಹೊಂದ್ಕೊಂಡೋರಿಗೆ ಮ್ಯಾಚ್ ಮುಗಿದ ತಕ್ಷಣ ಫ್ರೆಂಡ್ ರಿಕ್ವೆಸ್ಟ್ ಕಳಿಸಿ. ಯಾಕಂದ್ರೆ ಮ್ಯಾಚ್‌ಮೇಕಿಂಗ್, ಅಂದ್ರೆ ಆಟಗಾರರನ್ನ ಜೋಡಿಸೋ ವ್ಯವಸ್ಥೆ, ಹೆಚ್ಚುಕಮ್ಮಿ ನಿಮ್ಮಷ್ಟೇ ಆಡೋರನ್ನ, ಅದೇ ಸರ್ವರ್‌ನಲ್ಲಿ ಅದೇ ಹೊತ್ತಿಗೆ ಆನ್‌ಲೈನ್ ಇರೋರನ್ನ ಆಗ್ಲೇ ಸೋಸಿ ಕೊಟ್ಟಿರತ್ತೆ, ಹೊರಗೆ ಹುಡುಕಿದ್ರೆ ಇದೆಲ್ಲ ನೀವೇ ಕೇಳಿ ತಿಳ್ಕೋಬೇಕು. ಸ್ಕೋರ್ ನೋಡಿ ಮರುಳಾಗ್ಬೇಡಿ, ಸೋಲ್ತಿದ್ರೂ ಬೈಯದೆ ಎದುರಾಳಿ ಎಲ್ಲಿದಾನೆ ಅಂತ ಮೈಕಲ್ಲಿ ಹೇಳ್ತಾ ಇರೋನು ಸಿಕ್ರೆ ಬಿಡ್ಲೇಬೇಡಿ. ಸರ್ವರ್ ಮುಂಬೈ ಇಟ್ಕೊಳ್ಳಿ, ಇಲ್ಲಿಂದ ಪಿಂಗ್ (ಆಟ ತಡವಾಗಿ ಸ್ಪಂದಿಸೋದು) ಕಮ್ಮಿ, ಅದೃಷ್ಟ ಇದ್ರೆ ಕನ್ನಡದೋರೂ ಸಿಕ್ತಾರೆ.

ಡಿಸ್ಕಾರ್ಡ್ ಅನ್ನೋ ಚಾಟ್ ಆ್ಯಪ್‌ನಲ್ಲೂ ಜೊತೆಗಾರರನ್ನ ಹುಡುಕೋಕೆ ಅಂತಲೇ ಚಾನೆಲ್‌ಗಳಿವೆ, ಅಲ್ಲಿ ಸುಮ್ನೆ "ಯಾರಾದ್ರೂ ಬನ್ನಿ" ಅಂದ್ರೆ ಯಾರೂ ಬರಲ್ಲ, ರ‍್ಯಾಂಕ್ (ಆಟದಲ್ಲಿ ನಿಮ್ಮ ಮಟ್ಟ), ಭಾಷೆ, ಆಡೋ ಟೈಮ್ ಹಾಕಿ. ಇನ್ನೊಂದು, ಟೀಮ್ 5 ಜನರದ್ದೇ ಆದ್ರೂ ರ‍್ಯಾಂಕ್ ಮ್ಯಾಚಿಗೆ 4 ಜನ ಒಟ್ಟಿಗೆ ಹೋಗೋಕೆ ಬಿಡಲ್ಲ, ಬಿಟ್ರೆ ಐದನೆಯವನು ಪಾಪ ಒಂಟಿ ಆಗ್ತಾನೆ. ಹಾಗಾಗಿ ಮೊದಲು ಇಬ್ರನ್ನ ಸೇರಿಸ್ಕೊಂಡ್ರೆ ಸಾಕು, ಆಮೇಲೆ ಅವರ ಫ್ರೆಂಡ್ಸ್ ತಾನಾಗೇ ಬರ್ತಾರೆ.