ಗೂಗಲ್ ಕೇಳುವ ಮೊದಲು ಚೀಟಿ ನೋಡಿ

ಸಿಸ್ಟರ್‌ಗೆ ಕೇಳಿ: ಓದುಗರ ಆರೋಗ್ಯ ಪ್ರಶ್ನೆಗಳಿಗೆ ಮೈಸೂರಿನ ಆಸ್ಪತ್ರೆಯೊಂದರ ನರರೋಗ ವಿಭಾಗದಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರ ಉತ್ತರ

ಪ್ರಶ್ನೆ: ಸಿಸ್ಟರ್, ನನ್ನ ಮಗಳಿಗೆ 8 ವರ್ಷ. ಯುಗಾದಿ ಕಳೆದ ಮೇಲೆ ಒಂದು ದಿನ ಬೆಳಗಿನ ಜಾವ ಅವಳ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಜೊಲ್ಲು ಸುರಿಯಿತು, ಮಾತಾಡಲು ಆಗದೆ ಒದ್ದಾಡಿದಳು. ಸ್ವಲ್ಪ ದಿನಕ್ಕೆ ಮತ್ತೆ ಹಾಗೇ ಆಯಿತು. ಆ ಸಲ ಕೈಕಾಲೂ ಅದುರಿದವು. ಮೆದುಳಿನ ಇಇಜಿ ಪರೀಕ್ಷೆ ಮಾಡಿಸಿ ಡಾಕ್ಟರ್ ಫಿಟ್ಸ್ ಎಂದರು. ಲೆವೆಟಿರಾಸಿಟಾಮ್ ಸಿರಪ್ ಕೊಟ್ಟಿದ್ದಾರೆ. ಚೀಟಿಯಲ್ಲಿ ‘ರೋಲ್ಯಾಂಡಿಕ್’ ಅಂತ ಏನೋ ಬರೆದಿದ್ದಾರೆ. ಅವತ್ತಿನಿಂದ ನನಗೆ ನಿದ್ದೆ ಇಲ್ಲ, ರಾತ್ರಿಯೆಲ್ಲ ಮೊಬೈಲ್ ನೋಡುತ್ತೇನೆ. ಒಂದು ವಿಡಿಯೊದಲ್ಲಿ ಈ ಔಷಧದಿಂದ ಮಕ್ಕಳ ಬುದ್ಧಿ ಮಂಕಾಗುತ್ತದೆ ಎನ್ನುತ್ತಾರೆ. ಇನ್ನೊಂದರಲ್ಲಿ, ಮೂರೇ ತಿಂಗಳಲ್ಲಿ ಬೇರುಸಹಿತ ವಾಸಿ, ಪುಡಿ ಕೊರಿಯರ್‌ನಲ್ಲಿ ಕಳಿಸುತ್ತೇವೆ ಎನ್ನುತ್ತಾರೆ. ಅತ್ತೆ ಅದನ್ನೇ ತರಿಸು ಅಂತ ಹಟ ಹಿಡಿದಿದ್ದಾರೆ. ಔಷಧ ಶುರುವಾದ ಮೇಲೆ ಮಗಳಿಗೆ ಸಿಟ್ಟು ಜಾಸ್ತಿ ಆಗಿರುವುದಂತೂ ನಿಜ. ಯಾವುದನ್ನು ನಂಬಲಿ? ಪಿಯುಸಿ ಓದಿದ್ದೇನೆ. ಇಂಗ್ಲಿಷ್ ನಿಧಾನಕ್ಕೆ ಓದಿದರೆ ಅರ್ಥವಾಗುತ್ತದೆ.
ಹೆಸರು ಬೇಡ, ಅರಸೀಕೆರೆ

ಉತ್ತರ: ಅಮ್ಮಾ, ಮೊದಲು ಆ ಚೀಟಿ ತೆಗೆದು ಎದುರಿಗೆ ಇಟ್ಟುಕೊಳ್ಳಿ. ಏನು ಹುಡುಕಬೇಕು ಅನ್ನುವುದು ಅದರಲ್ಲೇ ಇದೆ.

ಬರೀ ‘ಫಿಟ್ಸ್’ ಅಂತ ಹುಡುಕಿದರೆ ಲೋಕದಲ್ಲಿರುವ ಫಿಟ್ಸ್ ಎಲ್ಲ ಬಂದು ಎದುರಿಗೆ ನಿಲ್ಲುತ್ತವೆ. ಹೆರಿಗೆಯಲ್ಲಿ ಮೆದುಳಿಗೆ ಪೆಟ್ಟಾದ ಮಗುವಿನದು, ತಲೆಯಲ್ಲಿ ಗಡ್ಡೆ ಇರುವವರದು, ಎಷ್ಟು ಔಷಧ ಕೊಟ್ಟರೂ ನಿಲ್ಲದವರದು. ಅದನ್ನೆಲ್ಲ ರಾತ್ರಿ ಒಬ್ಬರೇ ಕೂತು ಓದಿದರೆ ಯಾವ ತಾಯಿಗೆ ನಿದ್ದೆ ಬಂದೀತು? ನಿಮ್ಮ ಡಾಕ್ಟರ್ ಬರೆದಿರುವುದು ರೋಲ್ಯಾಂಡಿಕ್ ಎಪಿಲೆಪ್ಸಿ. ಎಪಿಲೆಪ್ಸಿ ಅಂದರೆ ಫಿಟ್ಸ್ ಕಾಯಿಲೆ. ಮಕ್ಕಳಲ್ಲಿ ಬಹಳ ಸಾಮಾನ್ಯವಾದ ಒಂದು ಬಗೆ ಅದು. ಸಾಮಾನ್ಯವಾಗಿ 3ರಿಂದ 13 ವರ್ಷದೊಳಗೆ ಶುರುವಾಗುತ್ತದೆ. ಹೆಚ್ಚಾಗಿ ನಿದ್ದೆಯಲ್ಲಿ ಅಥವಾ ಏಳುವ ಹೊತ್ತಿಗೆ ಬರುತ್ತದೆ. ಬಾಯಿ ಸೊಟ್ಟಗಾಗುವುದು, ಜೊಲ್ಲು, ಮಾತು ನಿಲ್ಲುವುದು, ಎಲ್ಲ ಅದರದೇ ಗುರುತು. ಹದಿಹರೆಯ ಮುಗಿಯುವಷ್ಟರಲ್ಲಿ ಹೆಚ್ಚೂ ಕಡಿಮೆ ಎಲ್ಲ ಮಕ್ಕಳಿಗೂ ಇದು ನಿಂತು ಹೋಗುತ್ತದೆ. ನೀವು ರಾತ್ರಿಯೆಲ್ಲ ಓದಿದ ಪುಟಗಳಲ್ಲಿ ಬಹುಪಾಲು ನಿಮ್ಮ ಮಗಳ ವಿಷಯವೇ ಅಲ್ಲ.

ಹಾಗಾಗಿ ಫಿಟ್ಸ್‌ನ ಬಗೆಯ ಹೆಸರು ಹಾಕಿ ಹುಡುಕಿ. ಇದನ್ನು ಹಳೆಯ ಪುಟಗಳಲ್ಲಿ ‘ಬಿನೈನ್ ರೋಲ್ಯಾಂಡಿಕ್’ ಎಂದೂ, ಹೊಸದರಲ್ಲಿ ‘ಸೆಲ್ಫ್ ಲಿಮಿಟೆಡ್ ಎಪಿಲೆಪ್ಸಿ ವಿತ್ ಸೆಂಟ್ರೊಟೆಂಪೊರಲ್ ಸ್ಪೈಕ್ಸ್’ ಎಂದೂ ಬರೆಯುತ್ತಾರೆ. ಎರಡೂ ಒಂದೇ, ಗಾಬರಿ ಬೇಡ. ಈ ಪತ್ರ ಓದುತ್ತಿರುವ ಬೇರೆಯವರಿಗೂ ಒಂದು ಮಾತು. ನಿಮ್ಮ ಚೀಟಿಯಲ್ಲಿ ಬಗೆ ಬರೆದಿಲ್ಲದಿದ್ದರೆ ಮುಂದಿನ ಸಲ ಹೋದಾಗ ‘ಇದು ಯಾವ ಬಗೆಯ ಫಿಟ್ಸ್ ಡಾಕ್ಟ್ರೇ, ಬರೆದುಕೊಡಿ’ ಅಂತ ಕೇಳಿ. ಕೇಳಲು ಸಂಕೋಚ ಪಡಬೇಡಿ, ಅದು ನಿಮ್ಮ ಹಕ್ಕು. ಬಗೆ ಗೊತ್ತಿಲ್ಲದೆ ಔಷಧದ ಬಗ್ಗೆ ಓದುವುದು ಅಪಾಯ. ಕಾರ್ಬಮಜೆಪಿನ್ ಎಷ್ಟೋ ಜನರಿಗೆ ಒಳ್ಳೆಯ ಮಾತ್ರೆ. ಅದೇ ಮಾತ್ರೆ, ಕ್ಷಣಕಾಲ ಮಂಕಾಗಿ ನೋಡುತ್ತಾ ನಿಲ್ಲುವ ‘ಆಬ್ಸೆನ್ಸ್’ ಬಗೆಯ ಫಿಟ್ಸ್ ಇರುವ ಮಕ್ಕಳಿಗೆ ಫಿಟ್ಸ್ ಹೆಚ್ಚಿಸಬಹುದು. ಪಕ್ಕದ ಮನೆಯವರಿಗೆ ವಾಸಿಯಾಯಿತು ಅನ್ನುವುದು ನಮಗೆ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಔಷಧ. ಕಂಪನಿಯ ಹೆಸರು ಹಾಕಿ ಹುಡುಕಿದರೆ ಮಾರುವವರ ಅಂಗಡಿಗಳೇ ಮೊದಲು ಬರುತ್ತವೆ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಔಷಧದ ನಿಜವಾದ ಹೆಸರಿರುತ್ತದೆ, ಅದನ್ನು ಹಾಕಿ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಮೆಡ್‌ಲೈನ್‌ಪ್ಲಸ್ ಅಂತ ಒಂದು ತಾಣವಿದೆ. ಇಂಗ್ಲಿಷ್ ಸರಳ. ಅಲ್ಲಿ ಲೆವೆಟಿರಾಸಿಟಾಮ್ ಪುಟ ತೆಗೆಯಿರಿ. ಸಿಟ್ಟು, ಕಿರಿಕಿರಿ, ವರ್ತನೆಯಲ್ಲಿ ಬದಲಾವಣೆ ಆಗಬಹುದು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಅಂದರೆ ನೀವು ಮಗಳಲ್ಲಿ ಕಂಡದ್ದು ನಿಮ್ಮ ಭ್ರಮೆ ಅಲ್ಲ. ಅದೇ ಪುಟದಲ್ಲಿ, ಡಾಕ್ಟರನ್ನು ಕೇಳದೆ ಔಷಧ ನಿಲ್ಲಿಸಬೇಡಿ ಎಂದೂ ಇದೆ. ಎರಡನ್ನೂ ಜೊತೆಗೆ ಹೇಳುವುದೇ ನಂಬುವಂಥ ಪುಟದ ಲಕ್ಷಣ. ಆ ವಿಡಿಯೊ ಹೆದರಿಸಿ ಬಿಟ್ಟಿತು, ಮುಂದೇನು ಮಾಡಬೇಕು ಅಂತ ಹೇಳಲಿಲ್ಲ, ಅಲ್ವಾ? ಮಗಳು ಯಾವಾಗ ಸಿಟ್ಟಾಗುತ್ತಾಳೆ, ಔಷಧ ಕೊಟ್ಟ ಎಷ್ಟು ಹೊತ್ತಿಗೆ, ಶಾಲೆಯಲ್ಲೂ ಹಾಗೇನಾ, ಇಷ್ಟನ್ನು ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಪ್ರಮಾಣ ಹೊಂದಿಸುತ್ತಾರೆ, ಬೇಕಾದರೆ ಔಷಧವನ್ನೇ ಬದಲಿಸುತ್ತಾರೆ. ದಾರಿ ಇದೆ. ಮುಂದಿನ ಭೇಟಿಯವರೆಗೆ ಕಾಯಬೇಡಿ, ಫೋನ್ ಮಾಡಿ ಕೇಳಿ.

ಮೆಡ್‌ಲೈನ್‌ಪ್ಲಸ್ ಅಲ್ಲದೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ತಾಣ ನನಗೆ ಇಷ್ಟ. ಪುಟವನ್ನು ಕೊನೆಯ ಸಲ ಯಾವಾಗ ಪರಿಶೀಲಿಸಿದರು ಎಂಬ ತಾರೀಖು ಅಲ್ಲಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಎಪಿಲೆಪ್ಸಿ ಪುಟವನ್ನು ಅತ್ತೆಯವರಿಗೂ ಓದಿ ಹೇಳಿ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆ ಇದೆ, ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ 70ರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ಅಲ್ಲಿದೆ. ವಿದೇಶದ ಪುಟಗಳಲ್ಲಿ ಇರುವ ತುರ್ತು ಫೋನ್ ನಂಬರ್ ನಮ್ಮದಲ್ಲ. ನಮಗೆ 108.

ಕನ್ನಡದಲ್ಲಿ ವಿಡಿಯೊ ನೋಡುವುದಾದರೆ ಆಸ್ಪತ್ರೆಯ ಸ್ವಂತ ಚಾನೆಲ್‌ನಲ್ಲಿ, ನರರೋಗ ತಜ್ಞರು ಹೆಸರು ಹೇಳಿ ಮಾತಾಡುವುದನ್ನು ನೋಡಿ. ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಕೀ ಕೊಡಿ, ಈರುಳ್ಳಿ ಮೂಸಿಸಿ, ಹಲ್ಲಿನ ನಡುವೆ ಚಮಚ ಇಡಿ ಅಂತ ಎಲ್ಲಾದರೂ ಹೇಳಿದರೆ ಅಲ್ಲಿಗೇ ಮುಚ್ಚಿಬಿಡಿ. ಇಷ್ಟು ಮೂಲ ವಿಷಯ ಗೊತ್ತಿಲ್ಲದವರು ಔಷಧದ ಬಗ್ಗೆ ಏನು ಹೇಳಿಯಾರು? ಸರಿಯಾದ ಕ್ರಮ ಇಷ್ಟೇ: ಸುತ್ತಲಿನ ಗಟ್ಟಿ ವಸ್ತು ಸರಿಸಿ, ಒಂದು ಮಗ್ಗುಲಿಗೆ ಹೊರಳಿಸಿ, ಕತ್ತಿನ ಬಟ್ಟೆ ಸಡಿಲಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಸ್ಪತ್ರೆ. ಫಿಟ್ಸ್ ನಿಲ್ಲಿಸಲು ಕೊಡುವ ಮಿಡಾಜೋಲಾಮ್ ಮೂಗಿನ ಸ್ಪ್ರೇಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೇ ಎಂದು ನಿಮ್ಮ ಡಾಕ್ಟರನ್ನು ಕೇಳಿ.

ಈಗ ಪುಡಿಯ ವಿಷಯ. ಇದರಲ್ಲಿ ನಾನು ಮೆತ್ತಗೆ ಮಾತಾಡುವುದಿಲ್ಲ. ಫಿಟ್ಸ್ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ ನಮ್ಮ ದೇಶದಲ್ಲಿ ಅಪರಾಧ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಫಿಟ್ಸ್ ಇದೆ. ಗ್ಯಾರಂಟಿ ಕೊಡುವವನು ಕಾನೂನು ಮುರಿದೇ ನಿಮ್ಮ ಮೊಬೈಲಿಗೆ ಬಂದಿದ್ದಾನೆ. ‘ಆದರೆ ಎಷ್ಟೋ ಜನರಿಗೆ ಪುಡಿಯಿಂದ ನಿಂತಿದೆಯಲ್ಲ’ ಅಂತ ಅತ್ತೆ ಕೇಳಬಹುದು. ನಿಲ್ಲುವುದೂ ಉಂಟು. ಗಿಡಮೂಲಿಕೆ ಎಂದು ಮಾರಿದ ಇಂಥ ಕೆಲವು ಔಷಧಗಳನ್ನು ಪರೀಕ್ಷಿಸಿದಾಗ ಫಿನೋಬಾರ್ಬಿಟಾಲ್‌ನಂಥ, ಫಿಟ್ಸ್‌ಗೇ ಕೊಡುವ ಇಂಗ್ಲಿಷ್ ಔಷಧ ಸಿಕ್ಕಿದೆ. ಎಷ್ಟು ಸೇರಿಸಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಮಗು ತೂಕಡಿಸುತ್ತದೆ. ಕೊರಿಯರ್ ತಡವಾದರೆ ಔಷಧ ಒಮ್ಮೆಲೇ ನಿಂತು, ನಿಲ್ಲದ ಫಿಟ್ಸ್ ಶುರುವಾಗಬಹುದು. ಪುಡಿ ನಂಬಿ ಮಾತ್ರೆ ಬಿಟ್ಟ ಮಕ್ಕಳು ಸ್ಟ್ರೆಚರ್ ಮೇಲೆ ಬಂದದ್ದನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಹೊರಗೆ ನಿಂತ ಅಜ್ಜಿಯರ ಅಳು ಈಗಲೂ ನನಗೆ ಮರೆತಿಲ್ಲ. ಅವರೂ ಮೊಮ್ಮಕ್ಕಳ ಒಳ್ಳೆಯದಕ್ಕೇ ತರಿಸಿದ್ದರು. ಅತ್ತೆಯವರ ಜೊತೆ ಜಗಳ ಬೇಡ. ಮುಂದಿನ ಸಲ ಅವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರೇ ಕೇಳಲಿ.

ಮೊಬೈಲಿನ ಚಾಟ್‌ಬಾಟ್‌ಗಳನ್ನು ಕೇಳಬಹುದೇ ಎಂದು ಈಚೆಗೆ ಬಹಳ ಜನ ಬರೆಯುತ್ತಿದ್ದಾರೆ. ಇಇಜಿ ವರದಿಯ ಒಂದು ಪದ ಅರ್ಥ ಮಾಡಿಕೊಳ್ಳಲು, ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ ಜೋಡಿಸಿಕೊಳ್ಳಲು ಬಳಸಿ. ಅದು ತಪ್ಪನ್ನೂ ಸರಿಯನ್ನೂ ಒಂದೇ ಧೈರ್ಯದಿಂದ ಹೇಳುತ್ತದೆ. ಔಷಧದ ಪ್ರಮಾಣ ಮಾತ್ರ ಅದನ್ನು ಕೇಳಬೇಡಿ.

ಪ್ರಶ್ನೆ: ನನಗೆ 24 ವರ್ಷ. ಹೈಸ್ಕೂಲಿನಿಂದ ಸೋಡಿಯಂ ವ್ಯಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದೇನೆ. ಮೂರು ವರ್ಷದಿಂದ ಫಿಟ್ಸ್ ಬಂದಿಲ್ಲ. ಮದುವೆ ಮಾತುಕತೆ ನಡೆಯುತ್ತಿದೆ. ಈ ಮಾತ್ರೆ ತಿಂದರೆ ಹುಟ್ಟುವ ಮಗುವಿಗೆ ತೊಂದರೆ ಅಂತ ನೆಟ್‌ನಲ್ಲಿ ಓದಿದೆ. ಫಿಟ್ಸ್ ಇದ್ದರೆ ಮದುವೆಯೇ ಅಸಿಂಧು ಅಂತಲೂ ಒಂದು ಕಡೆ ಇತ್ತು. ಮಾತ್ರೆ ನಿಲ್ಲಿಸಿಬಿಡಲೇ?
ಹುಬ್ಬಳ್ಳಿಯ ಓದುಗರು

ಉತ್ತರ: ನಿಲ್ಲಿಸಬೇಡಿ ತಂಗಿ. ಇವತ್ತು ರಾತ್ರಿಯ ಮಾತ್ರೆ ತೆಗೆದುಕೊಳ್ಳಿ, ಈ ವಾರವೇ ನರರೋಗ ತಜ್ಞರ ಅಪಾಯಿಂಟ್‌ಮೆಂಟ್ ಮಾಡಿಸಿ.

ನೀವು ಓದಿದ ಎರಡರಲ್ಲಿ ಮೊದಲನೆಯದು ನಿಜ. ಬಸುರಿಯಲ್ಲಿ ವ್ಯಾಲ್‌ಪ್ರೊಯೇಟ್ ತೆಗೆದುಕೊಂಡರೆ ಸುಮಾರು 10 ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಅಂಗದೋಷ ಇರಬಹುದು. ನೂರಕ್ಕೆ 30ರಿಂದ 40 ಮಕ್ಕಳಲ್ಲಿ ಮಾತು, ಕಲಿಕೆ ತಡವಾಗುವಂಥ ತೊಂದರೆ ಕಾಣಬಹುದು. 2018ರಲ್ಲಿ ಬ್ರಿಟನ್ ಮತ್ತು ಯುರೋಪ್ ಇದಕ್ಕಾಗಿಯೇ ಬಿಗಿ ನಿಯಮ ತಂದವು. ಹಾಗಂತ ಒಮ್ಮೆಲೇ ಬಿಟ್ಟರೆ ಫಿಟ್ಸ್ ಜೋರಾಗಿ ಮರಳಬಹುದು, ಪ್ರಾಣಕ್ಕೇ ಕುತ್ತಾಗಬಹುದು. ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಾಮ್ ಬಸುರಿಯಲ್ಲಿ ಇದಕ್ಕಿಂತ ಎಷ್ಟೋ ಸುರಕ್ಷಿತ. ನಿಮ್ಮ ಬಗೆಯ ಫಿಟ್ಸ್‌ಗೆ ಅವು ಹೊಂದುತ್ತವೆಯೇ ಎಂದು ನೋಡಿ ನಿಧಾನವಾಗಿ ಬದಲಿಸುತ್ತಾರೆ. ಅದಕ್ಕೆ ತಿಂಗಳುಗಳೇ ಬೇಕಾಗಬಹುದು. ಅದಕ್ಕೇ ಮದುವೆಗೆ ಮೊದಲೇ ಶುರುಮಾಡಿ. ಫೋಲಿಕ್ ಆಸಿಡ್ ಬಗ್ಗೆಯೂ ಕೇಳಿ. ಫಿಟ್ಸ್ ಇರುವ ಹೆಂಗಸರಲ್ಲಿ ಬಹುಪಾಲು ಜನ ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ. ಹೆರಿಗೆ ವಾರ್ಡಿನಿಂದ ನಮ್ಮ ವಿಭಾಗಕ್ಕೆ ಸಿಹಿ ಹಂಚಲು ಬಂದವರು ಎಷ್ಟೋ ಜನ.

ಎರಡನೆಯದು ಹಳಸಿದ ಮಾಹಿತಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಒಂದು ಕಾಲಕ್ಕೆ ಎಪಿಲೆಪ್ಸಿ ಮದುವೆಗೆ ಅಡ್ಡಿಯಾಗಿತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ವಿಶೇಷ ವಿವಾಹ ಕಾಯ್ದೆಯಲ್ಲೂ ಈಗ ಇಲ್ಲ. ತಿದ್ದುಪಡಿಗೆ ಮೊದಲಿನ ಸಾಲುಗಳನ್ನು ಹಾಗೇ ಎತ್ತಿ ಹಾಕಿದ ಪುಟಗಳು ಇನ್ನೂ ಓಡಾಡುತ್ತಿವೆ. ಆದರೂ ಹುಡುಗನ ಕಡೆಯವರಿಗೆ ಮೊದಲೇ ಹೇಳಿ ಎನ್ನುವುದು ನನ್ನ ಸಲಹೆ. ಮುಚ್ಚಿಟ್ಟರೆ ಮೋಸ ಮಾಡಿದರು ಎಂಬ ವಾದ ಹುಟ್ಟುತ್ತದೆ. ಅದಕ್ಕಿಂತ ದೊಡ್ಡ ಕಷ್ಟವೆಂದರೆ, ಗಂಡನ ಮನೆಯಲ್ಲಿ ಕದ್ದು ಮಾತ್ರೆ ನುಂಗಬೇಕಾಗುತ್ತದೆ. ನೆಂಟರು ತುಂಬಿದ ಮನೆಯಲ್ಲಿ ಒಂದೆರಡು ಹೊತ್ತು ತಪ್ಪಿಯೇ ತಪ್ಪುತ್ತದೆ. ಹೊಸ ಮದುಮಗಳು ನಿದ್ದೆಗೆಟ್ಟು, ಮಾತ್ರೆ ತಪ್ಪಿಸಿ ಫಿಟ್ಸ್ ಬಂದು ದಾಖಲಾಗುವುದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಪ್ರಶ್ನೆ: ನನ್ನ ತಮ್ಮನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಫಿನೋಬಾರ್ಬಿಟಾಲ್ ಕೊಡುತ್ತಾರೆ. ಒಂದು ವರ್ಷದಿಂದ ಫಿಟ್ಸ್ ಇಲ್ಲ, ಕೂಲಿಗೂ ಹೋಗುತ್ತಾನೆ. ಬೆಂಗಳೂರಿನಲ್ಲಿರುವ ಅಳಿಯ ನೆಟ್ ನೋಡಿ, ಇದು ಓಬೀರಾಯನ ಕಾಲದ ಔಷಧ, ಬದಲಿಸಿ ಎನ್ನುತ್ತಾರೆ.
ಕೊಳ್ಳೇಗಾಲದ ಓದುಗರು

ಉತ್ತರ: ಹಳೆಯದು ಹೌದು. ಹಾಗಂತ ಕೆಟ್ಟದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಅದು ಈಗಲೂ ಇದೆ. ನಿಮ್ಮ ಪಕ್ಕದ ಯಳಂದೂರಿನ ಹಳ್ಳಿಗಳಲ್ಲೇ ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಫಿನೋಬಾರ್ಬಿಟಾಲ್, ಫಿನಿಟಾಯಿನ್ ಎಂಬ ಎರಡು ಅಗ್ಗದ ಮಾತ್ರೆಗಳನ್ನು ಕೊಟ್ಟು ನೋಡಿದರು. ಬಹುಪಾಲು ಜನರಿಗೆ ಫಿಟ್ಸ್ ಹತೋಟಿಗೆ ಬಂತು. 2001ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಳಂದೂರು ಸ್ಟಡಿ ಅಂತ ಹುಡುಕಲು ಅಳಿಯನಿಗೆ ಹೇಳಿ. ತೂಕಡಿಕೆ, ಮಂಕು ತೊಂದರೆ ಕೊಡುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಇಲ್ಲದಿದ್ದರೆ ನಿಂತ ಫಿಟ್ಸ್ ಕೆದಕಬೇಡಿ.

ಪ್ರಶ್ನೆ: ನನ್ನ ಮಗನಿಗೆ ತಲೆಗೆ ಬಿಸಿನೀರು ಹಾಕಿದಾಗ ಮಾತ್ರ ಕಣ್ಣು ಮೇಲಾಗಿ ಪ್ರಜ್ಞೆ ತಪ್ಪುತ್ತದೆ. ಬೇರೆ ಹೊತ್ತು ಚೆನ್ನಾಗಿರುತ್ತಾನೆ. ಎಷ್ಟು ಪುಟ ತೆಗೆದರೂ ಇಂಥದ್ದು ಕಾಣಲಿಲ್ಲ. ಗಾಳಿ ಸೋಕಿದೆ ಅಂತ ಊರವರು ಹೇಳುತ್ತಾರೆ.
ಮದ್ದೂರಿನ ತಂದೆಯೊಬ್ಬರು

ಉತ್ತರ: ಗಾಳಿಯಲ್ಲ ಸ್ವಾಮಿ. ‘ಹಾಟ್ ವಾಟರ್ ಎಪಿಲೆಪ್ಸಿ’ ಎಂದು ಹುಡುಕಿ. ಪಶ್ಚಿಮ ದೇಶಗಳಲ್ಲಿ ಅಪರೂಪ, ಹಾಗಾಗಿ ಅಲ್ಲಿನ ಸಾಮಾನ್ಯ ಪುಟಗಳಲ್ಲಿ ಕಾಣುವುದಿಲ್ಲ. ನಮ್ಮ ದಕ್ಷಿಣ ಕರ್ನಾಟಕದ ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತು. ಡಾ. ಮಣಿಯವರೇ ಇದರ ಬಗ್ಗೆ ಮೊದಮೊದಲು ಬರೆದವರಲ್ಲಿ ಒಬ್ಬರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ವೈದ್ಯಕೀಯ ಲೇಖನಗಳ ಭಂಡಾರವಾದ ಪಬ್‌ಮೆಡ್‌ನಲ್ಲಿ ಅದರ ಸಾರಾಂಶ ಹಣ ಕೊಡದೆ ಓದಬಹುದು.

ನರರೋಗ ತಜ್ಞರಿಗೆ ಒಮ್ಮೆ ತೋರಿಸಲೇಬೇಕು. ಕೆಲವರಿಗೆ ಮುಂದೆ ಸ್ನಾನವಿಲ್ಲದೆಯೂ ಫಿಟ್ಸ್ ಬರುವುದುಂಟು. ಕೆಲವು ಡಾಕ್ಟರುಗಳು ತಲೆಸ್ನಾನಕ್ಕೆ ಮೊದಲು ಒಂದು ಮಾತ್ರೆ ಕೊಡುತ್ತಾರೆ, ಕೆಲವರಿಗೆ ದಿನವೂ ಬೇಕಾಗುತ್ತದೆ. ಅಲ್ಲಿಯವರೆಗೆ ಹಂಡೆಯ ಸುಡುನೀರನ್ನು ಚೊಂಬಿನಲ್ಲಿ ಮೊಗೆಮೊಗೆದು ತಲೆಗೆ ಸುರಿಯುವುದು ನಿಲ್ಲಿಸಿ. ಉಗುರುಬೆಚ್ಚಗಿನ ನೀರು ಸಾಕು. ಸಾಧ್ಯವಾದರೆ ಮೈಗೆ ನೀರು ಹಾಕಿ, ತಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಬಚ್ಚಲಿನ ಚಿಲಕ ಹಾಕದಂತೆ ಹೇಳಿ, ಒಬ್ಬರು ಹೊರಗೆ ಇರಿ. ಮುಂದಿನ ಸಲ ಹಾಗಾದರೆ ಮೊದಲು ಮಗ್ಗುಲಿಗೆ ಹೊರಳಿಸಿ, ಇನ್ನೊಬ್ಬರು ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಲಿ. ಡಾಕ್ಟರಿಗೆ ಆ ವಿಡಿಯೊ ಬಹಳ ಉಪಯೋಗಕ್ಕೆ ಬರುತ್ತದೆ.