ಹಣ್ಣಿನ ಗಿಡವನ್ನು ಎಲ್ಲಿ, ಯಾವಾಗ, ಎಷ್ಟು ಸವರಬೇಕು?

ನೆಟ್ಟು ಎರಡು ವರ್ಷವಾದ ಮಾವು, ಸೀಬೆ ಮತ್ತು ನಿಂಬೆಯ ಕಸಿ ಗಿಡಗಳು ಕವಲೊಡೆಯದೆ ನೆಟ್ಟಗೆ ಮೇಲಕ್ಕೇ ಏರುತ್ತಿವೆ, ಸವರಿದರೆ ಮುಂದಿನ ಫಸಲು ಕೈತಪ್ಪೀತೇ ಎಂದು ಕೇಳಿದ್ದೀರಿ. ಮೂರಕ್ಕೂ ಒಂದೇ ಉತ್ತರ ಹೊಂದುವುದಿಲ್ಲ. ಗಿಡ ಎಂತಹ ರೆಂಬೆಯಲ್ಲಿ ಹೂ ಬಿಡುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡು, ಆಮೇಲೆ ಕತ್ತರಿ ಕೈಗೆತ್ತಿಕೊಳ್ಳಬೇಕು.

ಸೀಬೆ ಹೊಸದಾಗಿ ಹೊರಟ ಚಿಗುರಿನಲ್ಲೇ ಹೂ ಬಿಡುವ ಗಿಡವಾದ್ದರಿಂದ ತುದಿಗಳನ್ನು ಸವರಿದಷ್ಟೂ ಹೊಸ ಚಿಗುರು, ಅದರೊಂದಿಗೆ ಹೂವೂ ಬರುತ್ತದೆ. ಮಾವಿನ ಸ್ವಭಾವ ಇದಕ್ಕೆ ತದ್ವಿರುದ್ಧ: ಚಿಗುರು ಹಲವು ತಿಂಗಳು ಬಲಿತ ಮೇಲೆಯೇ ಅದರ ತುದಿಯಲ್ಲಿ ಹೂಗೊಂಚಲು ಮೂಡುತ್ತದೆ. ಆದ್ದರಿಂದ ಕಾಯಿ ಬಿಡುವ ಮಾವನ್ನು ಕೊಯ್ಲು ಮುಗಿದ ಕೂಡಲೇ ಸವರಬೇಕು. ತಡಮಾಡಿ ಹೂ ಬಿಡುವ ಕಾಲದ ಹತ್ತಿರ ತುದಿ ಕತ್ತರಿಸಿದರೆ ಆ ವರ್ಷದ ಫಸಲನ್ನು ಮರೆತಂತೆಯೇ. ನಿಂಬೆ ಎಲೆಯುದುರಿಸದ ಗಿಡ, ಆಹಾರದ ಗಣನೀಯ ಭಾಗವನ್ನು ಎಲೆಗಳಲ್ಲೇ ಕೂಡಿಡುತ್ತದೆ. ಅದನ್ನು ಹೆಚ್ಚು ಸವರಿದರೆ ಫಲ ತಡವಾಗುತ್ತದೆಯೇ ಹೊರತು ಲಾಭವಿಲ್ಲ. ಒಣಗಿದ ಮತ್ತು ಒಂದಕ್ಕೊಂದು ಉಜ್ಜುವ ರೆಂಬೆಗಳನ್ನೂ, ಉದ್ದ ಮುಳ್ಳು, ದೊಡ್ಡ ಎಲೆ ಮತ್ತು ಕೋನಾಕಾರದ ಕಾಂಡ ಹೊತ್ತು ನೆಟ್ಟಗೆ ನುಗ್ಗುವ ನೀರುಚಿಗುರುಗಳನ್ನೂ ತೆಗೆದರೆ ಅದಕ್ಕೆ ಸಾಕು.

ನಿಮ್ಮ ಗಿಡಗಳು ಕವಲೊಡೆಯದಿರುವುದು ರೋಗವಲ್ಲ. ತುದಿಯ ಮೊಗ್ಗಿನಲ್ಲಿ ಹುಟ್ಟಿ ಕೆಳಮುಖವಾಗಿ ಹರಿಯುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ಅಡಗಿಸಿಡುತ್ತದೆ. ಮುಖ್ಯ ಕಾಂಡವನ್ನು ನೆಲದಿಂದ 60ರಿಂದ 90 ಸೆಂಟಿಮೀಟರ್ ಎತ್ತರದಲ್ಲಿ ಕತ್ತರಿಸಿದರೆ ಆ ಹಿಡಿತ ಸಡಿಲಗೊಂಡು ಪಕ್ಕದ ಮೊಗ್ಗುಗಳು ಒಡೆಯುತ್ತವೆ. ಮಾವಿನಲ್ಲಿ ಇಲ್ಲೊಂದು ಸೂಕ್ಷ್ಮವಿದೆ. ಅದರ ಕಾಂಡದಲ್ಲಿ ಒಂದೊಂದು ಚಿಗುರಿನ ಸರದಿ ನಿಂತ ಕಡೆ ಮೊಗ್ಗುಗಳು ಒತ್ತೊತ್ತಾಗಿ ಕೂಡಿದ ಉಂಗುರದಂತಹ ಗಂಟು ಕಾಣುತ್ತದೆ. ಆ ಗಂಟಿನ ಮೇಲೆ ಕತ್ತರಿಸಿದರೆ ಒಂದೇ ಜಾಗದಿಂದ ಪೊರಕೆಯಂತೆ ಹಲವು ಚಿಗುರು ಹೊರಡುತ್ತವೆ. ಗಂಟಿನ ಸ್ವಲ್ಪ ಕೆಳಗೆ ಕತ್ತರಿಸಿದರೆ ಕಡಿಮೆ ಸಂಖ್ಯೆಯಲ್ಲಿ, ಅಂತರ ಬಿಟ್ಟು ಬರುತ್ತವೆ. ನಿಮಗೆ ಬೇಕಾಗಿರುವುದು ಎರಡನೆಯದು.

ಹೊರಟ ಚಿಗುರುಗಳಲ್ಲಿ ಬೇರೆಬೇರೆ ದಿಕ್ಕಿಗೆ ಹೊರಳಿದ, ಕಾಂಡದ ಮೇಲೆ ಒಂದರಿಂದೊಂದು ಸುಮಾರು ಒಂದು ಗೇಣು ದೂರವಿರುವ ಮೂರು ಅಥವಾ ನಾಲ್ಕನ್ನು ಮಾತ್ರ ಉಳಿಸಿಕೊಳ್ಳಿ. ಕಾಂಡಕ್ಕೂ ಕೊಂಬೆಗೂ ನಡುವಿನ ಕೋನ 45ರಿಂದ 60 ಡಿಗ್ರಿ ಇದ್ದರೆ ಒಳ್ಳೆಯದು. ಕೋನ ತೀರ ಕಿರಿದಾದರೆ ಸಂದಿಯಲ್ಲಿ ತೊಗಟೆ ಸಿಕ್ಕಿಕೊಂಡು ಮರ ಬೆಸೆಯುವುದಿಲ್ಲ, ಮುಂದೆ ಕಾಯಿಯ ಭಾರಕ್ಕೆ ಅಲ್ಲೇ ಸೀಳುತ್ತದೆ. ನನ್ನ ಮಟ್ಟಿಗೆ ಇಲ್ಲಿ ಕತ್ತರಿಗಿಂತ ಹುರಿಯೇ ಮೇಲು: ಎಳೆಯ ಕೊಂಬೆಯನ್ನು ಮೆಲ್ಲಗೆ ಬಾಗಿಸಿ ನೆಲದ ಗೂಟಕ್ಕೆ ಕಟ್ಟಿದರೆ ಕೋನ ಅಗಲವಾಗುವುದರ ಜೊತೆಗೆ ನೇರ ಬೆಳವಣಿಗೆಯ ರಭಸ ತಗ್ಗಿ ಪಕ್ಕದ ಮೊಗ್ಗುಗಳು ಎಚ್ಚರಗೊಳ್ಳುತ್ತವೆ. ಸೀಬೆಯಲ್ಲಂತೂ ಹೀಗೆ ಬಾಗಿಸಿದ ಕೊಂಬೆಯಲ್ಲಿ ಹೂವು ಚೆನ್ನಾಗಿ ಬರುತ್ತದೆ.

ಬೆಳೆದ ಗಿಡದಲ್ಲಿ ಹಲವರು ಎಲ್ಲ ತುದಿಗಳನ್ನೂ ಬೇಲಿ ಕತ್ತರಿಸಿದ ಹಾಗೆ ಸಮನಾಗಿ ತರಿದುಬಿಡುತ್ತಾರೆ. ಪ್ರತಿಯೊಂದು ತುದಿಯೂ ನಾಲ್ಕಾಗಿ ಒಡೆದು ಹೊರಭಾಗ ದಟ್ಟವಾಗುತ್ತದೆ, ಒಳಗೆ ಬಿಸಿಲು ಬೀಳದೆ ರೆಂಬೆಗಳು ಬರಡಾಗುತ್ತವೆ, ತೇವ ಆರದೆ ಶಿಲೀಂಧ್ರ ರೋಗಗಳಿಗೆ ಎಡೆಯಾಗುತ್ತದೆ. ಅದರ ಬದಲು ಒಳಮುಖವಾಗಿ ಬೆಳೆದ ಕೆಲವು ರೆಂಬೆಗಳನ್ನು ಬುಡದಿಂದಲೇ ತೆಗೆಯುವುದು ಉತ್ತಮ. ಒಂದು ಸಲಕ್ಕೆ ಒಟ್ಟು ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಅಲ್ಲಿಯವರೆಗೆ ನೆರಳಿನಲ್ಲಿದ್ದ ಕೊಂಬೆಗೆ ಒಮ್ಮೆಲೇ ಬಿಸಿಲು ತಗುಲಿ ತೊಗಟೆ ಸುಡುವ ಹಾಗಿದ್ದರೆ ತೆಳುವಾಗಿ ಸುಣ್ಣ ಬಳಿಯಿರಿ.

ಬುಡದಿಂದ ತೆಗೆಯುವುದೆಂದರೆ ಕಾಂಡಕ್ಕೆ ತಾಗಿಸಿ ಸಪಾಟಾಗಿ ಕೊಯ್ಯುವುದೆಂದಲ್ಲ. ಕೊಂಬೆ ಕಾಂಡಕ್ಕೆ ಸೇರುವ ಕಡೆ ತುಸು ಉಬ್ಬಿದ ಕೊರಳಿನಂತಹ ಭಾಗವಿರುತ್ತದೆ. ಗಾಯ ಮುಚ್ಚಲು ಬೇಕಾದ ಅಂಗಾಂಶ ಅಲ್ಲೇ ಇರುವುದರಿಂದ ಅದನ್ನು ಉಳಿಸಿ, ಅದರ ಹೊರಗೆ ಕತ್ತರಿಸಬೇಕು. ಉದ್ದ ಮೋಟು ಬಿಟ್ಟರೂ ಅದು ಕೊಳೆತು ಕಾಂಡಕ್ಕೆ ಇಳಿಯುತ್ತದೆ. ಕೈಗಾತ್ರದ ಕೊಂಬೆಯಾದರೆ ಮೊದಲು ಬುಡದಿಂದ ಒಂದು ಗೇಣು ಆಚೆ ಕೆಳಗಿನಿಂದ ಗರಗಸ ಹಾಕಿ, ಅದಕ್ಕೂ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಮೋಟನ್ನು ತೆಗೆಯಿರಿ. ಇಲ್ಲವಾದರೆ ಬೀಳುವ ಕೊಂಬೆ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಗಾಯಕ್ಕೆ ಡಾಂಬರು ಅಥವಾ ಪೇಂಟ್ ಬಳಿಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ, ಮರ ಗಾಯಗೊಂಡ ಭಾಗವನ್ನು ಒಳಗೇ ಗೋಡೆ ಕಟ್ಟಿ ಬೇರ್ಪಡಿಸುತ್ತದೆ, ಮೇಲಿನ ಲೇಪನ ಕೊಳೆತವನ್ನು ತಡೆಯುವುದಿಲ್ಲ ಎಂದು ತೋರಿಸಿದರು. ಹರಿತವಾದ ಅಲಗು ಮತ್ತು ಮಳೆಯಿಲ್ಲದ ದಿನ ಇದಕ್ಕಿಂತ ಹೆಚ್ಚು ಉಪಕಾರಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್‌ನಿಂದ ಒರೆಸಿ.

ನಿಮ್ಮ ಮೂರು ಗಿಡಗಳಲ್ಲೂ ಮೊದಲು ಕಸಿ ಗಂಟಿನ ಕೆಳಗೆ ನೋಡಿ. ಅಲ್ಲಿಂದ ಬಂದ ಚಿಗುರು ಬೇರುಗಿಡದ್ದು, ಅಂದರೆ ಕಸಿ ಕಟ್ಟಲು ಬುಡಕ್ಕೆ ಬಳಸಿದ ಗಿಡದ್ದು. ಬಿಟ್ಟರೆ ಕಸಿಯನ್ನೇ ಮೀರಿಸಿ ಬೆಳೆಯುತ್ತದೆ, ಆದ್ದರಿಂದ ಎಳೆಯದಾಗಿರುವಾಗಲೇ ಕಿತ್ತುಹಾಕಿ. ಮಾವು ಈ ವಯಸ್ಸಿನಲ್ಲೇ ಹೂ ಬಿಟ್ಟರೆ ಗೊಂಚಲನ್ನೂ ಚಿವುಟಿ. ಆ ಶಕ್ತಿ ಸದ್ಯಕ್ಕೆ ಕೊಂಬೆಗಳಿಗೆ ಬೇಕು.