ಸರ್ವಿಸ್ ರಸ್ತೆಯಿಂದ ನುಗ್ಗಿದ ಕಾರು: ತಪ್ಪು ಯಾರದು?

ಸರ್ವಿಸ್ ರಸ್ತೆಯಿಂದ ಬಂದ ಕಾರು ನಿಮ್ಮ ಎಡ ಮುಂಬಾಗಿಲಿಗೆ ತಗುಲಿದೆ, ಆದರೂ ಅವರು ನಿಮ್ಮನ್ನೇ ದೂರುತ್ತಿದ್ದಾರೆ ಎಂದಿದ್ದೀರಿ. ತಪ್ಪು ಬಹುಮಟ್ಟಿಗೆ ಅವರದೇ. ಮುಖ್ಯರಸ್ತೆಗೆ ಸೇರುವವರು ಅಲ್ಲಿ ಆಗಲೇ ಸಾಗುತ್ತಿರುವವರಿಗೆ ದಾರಿ ಬಿಡಬೇಕು.

ಕಾರನ್ನು ಈಗಲೇ ತೊಳೆಸಬೇಡಿ. ಬಾಗಿಲಿನ ತಗ್ಗು, ಅಲ್ಲಿ ಅಂಟಿರುವ ಅವರ ಬಣ್ಣ, ಗೀರು ಎಲ್ಲಿ ಆಳವಾಗಿ ಶುರುವಾಗಿ ಎತ್ತ ತೆಳುವಾಗಿದೆ ಎಂಬುದು ಕಾಣುವಂತೆ ಹತ್ತಿರದಿಂದ ಫೋಟೊ ತೆಗೆಯಿರಿ. ಅವರ ಕಾರಿನ ಬಲ ಮುಂಮೂಲೆ ಜಜ್ಜಿದ್ದರೆ ನಿಮ್ಮ ಮಾತಿಗೆ ಬಲ. ಅವರ ಹಿಂಬಾಗಿಲಿಗೆ ನಿಮ್ಮ ಬಂಪರ್ ತಗುಲಿದ್ದರೆ ಮಾತ್ರ ಕಷ್ಟ. ಆಗಲೇ ಒಳಬಂದಿದ್ದೆವು ಎಂದು ಅವರು ವಾದಿಸಬಹುದು.

ಇಂದೇ ಹತ್ತಿರದ ಅಂಗಡಿಗಳಲ್ಲಿ ಸಿಸಿಟಿವಿ ದೃಶ್ಯ ಕೇಳಿ. ಹಳೆಯದು ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ನಂತರ ಸಂಚಾರ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ರಾಜಿಯ ಹೆಸರಿನಲ್ಲಿ ಯಾವ ಚೀಟಿಗೂ ಸಹಿ ಬೇಡ.

ನಿಮ್ಮದು ಸ್ವಂತ ಕಾರಿನ ಹಾನಿಯನ್ನೂ ಭರಿಸುವ ಸಮಗ್ರ ವಿಮೆಯಾದರೆ ತಪ್ಪು ಯಾರದೆಂದು ತೀರ್ಮಾನವಾಗುವವರೆಗೆ ಕಾಯದೆ ವಿಮಾ ಕಂಪನಿಗೆ ತಿಳಿಸಿ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸಾಮಾನ್ಯವಾಗಿ ಹೋಗುತ್ತದೆ, ಆದ್ದರಿಂದ ಕ್ಲೇಮ್ ಮಾಡುವ ಮೊದಲು ಆ ನಷ್ಟವನ್ನು ಗ್ಯಾರೇಜಿನ ಅಂದಾಜಿನೊಂದಿಗೆ ಹೋಲಿಸಿ. ಅವರ ವಿಮೆಯಿಂದಲೇ ವಸೂಲು ಮಾಡಬೇಕೆಂದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಒಂದು ಬಾಗಿಲಿಗಾಗಿ ನಾನಾದರೆ ಹೋಗುವುದಿಲ್ಲ.